ಹೊಳೆನರಸೀಪುರ ನಡುಗಿದ್ದು ಏಕೆ? ಹಾಸನ, ಚಿಕ್ಕಮಗಳೂರಿನ ನೆಲದಡಿಯಲ್ಲಿ ಏನಿದೆ?

2022ರ ಜೂನ್ 23ರಂದು ನಸುಕಿನ ನಾಲ್ಕೂವರೆ ಗಂಟೆ ದಾಟಿದ ಹೊತ್ತಿಗೆ ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನಲ್ಲಿ ನೆಲ ನಡುಗಿತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅದರ ತೀವ್ರತೆಯನ್ನು ರಿಕ್ಟರ್ ಮಾಪಕದಲ್ಲಿ 3.4 ಎಂದು ದಾಖಲಿಸಿತು. ಪಕ್ಕದ ಕೊಡಗು, ಮಂಡ್ಯ, ಮೈಸೂರು ಜಿಲ್ಲೆಗಳ ಕೆಲವೆಡೆಯೂ ಅದು ಅನುಭವಕ್ಕೆ ಬಂತು. ಆ ವಾರ ಮುಗಿಯುವುದರೊಳಗೆ ಕೊಡಗಿನ ಚೆಂಬು ಮತ್ತು ಸುಳ್ಯದ ಕಡೆಯೂ ಕಂಪನಗಳಾದವು.

ಅಂದಿನಿಂದ ಎಲ್ಲಿ ದೊಡ್ಡ ಭೂಕಂಪವಾದರೂ ನಮ್ಮ ಕಡೆ ಅದೇ ಮಾತು ಮತ್ತೆ ಏಳುತ್ತದೆ. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ನಡುಗಿ ಕಟ್ಟಡಗಳು ಉರುಳಿದ ದೃಶ್ಯಗಳು ಮೊಬೈಲಿಗೆ ಬಂದಾಗಲೂ ಎದ್ದಿತ್ತು. "ದಕ್ಷಿಣದ ಗಟ್ಟಿ ಬಂಡೆಯ ಮೇಲಿದ್ದೇವೆ, ನಮಗೇನೂ ಆಗದು" ಎನ್ನುವವರು ಒಂದು ಕಡೆ, "ಗೊರೂರು ಅಣೆಕಟ್ಟೆಯಿಂದಲೇ ಇದೆಲ್ಲ" ಎನ್ನುವವರು ಇನ್ನೊಂದು ಕಡೆ. ಮುಳ್ಳಯ್ಯನಗಿರಿ ಆರಿದ ಜ್ವಾಲಾಮುಖಿ, ಯಾವತ್ತಾದರೂ ಏಳಬಹುದು ಎಂದು ಪ್ರವಾಸಿಗರಿಗೆ ಹೇಳುವವರೂ ಇದ್ದಾರೆ. ಮೂರನ್ನೂ ಒಂದೊಂದಾಗಿ ನೋಡೋಣ. ಅದಕ್ಕೆ ಮೊದಲು ಸ್ವಲ್ಪ ಆಳಕ್ಕೆ ಇಳಿಯಬೇಕು.

ಫಲಕ ಎಂದರೆ ಏನು?

ಭೂಮಿಯ ಹೊರಭಾಗ ಒಂದೇ ಅಖಂಡ ಬಂಡೆಯಲ್ಲ. ಅದು ಹತ್ತಾರು ತುಂಡುಗಳಾಗಿ ಒಡೆದಿದೆ. ಅವುಗಳಲ್ಲಿ ದೊಡ್ಡವು ಏಳೆಂಟು, ಉಳಿದವು ಚಿಕ್ಕವು. ಈ ತುಂಡುಗಳೇ ಭೂಫಲಕಗಳು. ಒಂದೊಂದರ ದಪ್ಪ ಸರಾಸರಿ 100 ಕಿಲೋಮೀಟರ್. ನಾವು ಬಾವಿ ತೋಡುವ, ಕೊಳವೆಬಾವಿ ಕೊರೆಯುವ ನೆಲ ಈ ಫಲಕದ ಮೇಲ್ಪದರ ಮಾತ್ರ. ಅದಕ್ಕೆ ಭೂಚಿಪ್ಪು ಎಂದು ಹೆಸರು. ಅದರ ಕೆಳಗಿರುವುದು ಮ್ಯಾಂಟಲ್. ಫಲಕದ ತಳಭಾಗವೂ ಮ್ಯಾಂಟಲ್‌ನದೇ ಶಿಲೆ, ಆದರೆ ತಣಿದು ಬಿರುಸಾದದ್ದು.

ಇಲ್ಲೊಂದು ತಪ್ಪು ಕಲ್ಪನೆ ಶಾಲೆಯ ದಿನಗಳಿಂದಲೇ ನಮ್ಮ ತಲೆಯಲ್ಲಿ ಕುಳಿತಿದೆ. ಫಲಕಗಳ ಕೆಳಗೆ ಕುದಿಯುವ ಲಾವಾರಸದ ಸಮುದ್ರವಿದೆ ಎಂಬುದು ನಿಜವಲ್ಲ. ಮ್ಯಾಂಟಲ್ ಬಹುಪಾಲು ಘನವೇ. ಆದರೆ ಅಲ್ಲಿನ ಬಿಸಿ ಮತ್ತು ಒತ್ತಡಕ್ಕೆ ಆ ಘನಶಿಲೆ ವರ್ಷಕ್ಕೆ ಕೆಲವು ಸೆಂಟಿಮೀಟರ್‌ನಷ್ಟು ನಿಧಾನವಾಗಿ ಹರಿಯಬಲ್ಲದು. ಫಲಕಗಳು ಅದರ ಮೇಲೆ ಸರಿಯುತ್ತವೆ. ಅವುಗಳನ್ನು ಎಳೆಯುವ ಮುಖ್ಯ ಬಲ ಎಂದರೆ ಸಮುದ್ರದಡಿಯ ತಣ್ಣನೆಯ, ಭಾರವಾದ ಫಲಕದ ಅಂಚು ಇನ್ನೊಂದು ಫಲಕದ ಕೆಳಗೆ ಮುಳುಗುತ್ತಾ ಹಿಂದಿನದನ್ನೂ ತನ್ನೊಡನೆ ಸೆಳೆದುಕೊಳ್ಳುವುದು.

ಖಂಡಗಳು ಚಲಿಸುತ್ತವೆ ಎಂದು ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲಿ ಹೇಳಿದಾಗ ಬಹುತೇಕ ವಿಜ್ಞಾನಿಗಳು ನಂಬಲಿಲ್ಲ. ಯಾವ ಬಲ ಅವುಗಳನ್ನು ದೂಡುತ್ತದೆ ಎಂದು ತೋರಿಸಲು ಅವರಿಂದ ಆಗಲಿಲ್ಲ. ಸಾಗರದ ತಳದಲ್ಲಿ ಹೊಸ ನೆಲ ಹುಟ್ಟಿ ಎರಡೂ ಕಡೆಗೆ ಹರಡುತ್ತಿರುವುದು 1960ರ ದಶಕದಲ್ಲಿ ಖಚಿತವಾದ ಮೇಲೆ ಚಿತ್ರ ಬದಲಾಯಿತು. ಈಗ ಅದನ್ನು ನಂಬಲು ಯಾರ ಮಾತೂ ಬೇಕಿಲ್ಲ, ಉಪಗ್ರಹಗಳೇ ಅಳೆಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಜಿಪಿಎಸ್ ಕೇಂದ್ರ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯದತ್ತ ಸರಿಯುತ್ತಿದೆ. ಹಾಸನ, ಚಿಕ್ಕಮಗಳೂರು ಅದೇ ಫಲಕದ ಮೇಲಿವೆ. ಆ ಲೆಕ್ಕ ಹಿಡಿದರೆ, 1117ರಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದಾಗ ಅದು ನಿಂತಿದ್ದ ಜಾಗಕ್ಕೂ ಇಂದು ನಿಂತಿರುವ ಜಾಗಕ್ಕೂ ಸುಮಾರು 45 ಮೀಟರ್ ಅಂತರ. ಒಂದು ಶಿಲ್ಪವೂ ಕದಲದೆ ಇಡೀ ಊರು ಅಷ್ಟು ದೂರ ಪ್ರಯಾಣ ಮಾಡಿದೆ.

ಫಲಕದ ಅಂಚುಗಳಲ್ಲಿ

ಫಲಕಗಳು ಒಂದರಿಂದೊಂದು ದೂರ ಸರಿಯುವಲ್ಲಿ ಕೆಳಗಿನಿಂದ ಶಿಲಾಪಾಕ, ಅಂದರೆ ಕರಗಿದ ಬಂಡೆ, ಮೇಲೆದ್ದು ಹೊಸ ನೆಲವಾಗುತ್ತದೆ. ಪಕ್ಕಪಕ್ಕದಲ್ಲಿ ಉಜ್ಜಿಕೊಂಡು ಜಾರುವಲ್ಲಿ ಭೂಕಂಪಗಳಾಗುತ್ತವೆ. ಎದುರುಬದುರಾಗಿ ಗುದ್ದುವ ಜಾಗಗಳು ಎಲ್ಲಕ್ಕಿಂತ ಅಪಾಯಕಾರಿ. ಅಲ್ಲಿ ಸಾಗರದ ಫಲಕವೊಂದು ಕೆಳಕ್ಕೆ ಇಳಿದರೆ ದೊಡ್ಡ ಭೂಕಂಪ, ಜ್ವಾಲಾಮುಖಿ, ಸುನಾಮಿ ಮೂರೂ ಸಾಧ್ಯ. 2004ರ ಡಿಸೆಂಬರ್ 26ರಂದು ಸುಮಾತ್ರಾ ಬಳಿ ಆದದ್ದು ಇದೇ. ಎರಡು ಖಂಡಗಳೇ ಡಿಕ್ಕಿ ಹೊಡೆದರೆ ಎರಡೂ ಹಗುರವಾದ್ದರಿಂದ ಯಾವುದೂ ಸುಲಭಕ್ಕೆ ಮುಳುಗುವುದಿಲ್ಲ, ನೆಲ ಮಡಿಚಿಕೊಂಡು ಮೇಲೇಳುತ್ತದೆ. ಭಾರತ ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಹೀಗೆ ತಗುಲಿದಾಗ ಹಿಮಾಲಯ ಏಳತೊಡಗಿತು. ಆ ಗುದ್ದಾಟ ಇನ್ನೂ ನಿಂತಿಲ್ಲ. 2015ರ ನೇಪಾಳದ ಭೂಕಂಪ ಅದರದೇ ಫಲ.

ಹಾಸನದಿಂದ ಹಿಮಾಲಯಕ್ಕೆ ಸಾವಿರಾರು ಕಿಲೋಮೀಟರ್. ಹಾಗಾದರೆ ಹೊಳೆನರಸೀಪುರ ಏಕೆ ನಡುಗಬೇಕು?

ಫಲಕದ ನಡುವೆಯೂ ನಡುಕವೇಕೆ?

ಕಾಫಿ ಒಣಗಿಸುವ ಕಣದಲ್ಲಿ ತುಂಬಿದ ಮೂಟೆಯೊಂದನ್ನು ಎಳೆದು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎಳೆಯಲು ಶುರು ಮಾಡಿದೊಡನೆ ಮೂಟೆ ಅಲ್ಲಾಡುವುದಿಲ್ಲ. ಗೋಣಿಯ ಬಟ್ಟೆ ಬಿಗಿಯುತ್ತದೆ, ಕೈ ಸೋಲುತ್ತದೆ, ತರಿತರಿಯಾದ ಸಿಮೆಂಟ್ ನೆಲ ಬಿಡುವುದಿಲ್ಲ. ಎಳೆತ ಒಂದು ಮಟ್ಟ ಮೀರಿದಾಗ ಮೂಟೆ ಸರಕ್ಕನೆ ಅರ್ಧ ಅಡಿ ಜಾರಿ ಮತ್ತೆ ಕಚ್ಚಿಕೊಳ್ಳುತ್ತದೆ. ಬಂಡೆಯೊಳಗಿನ ಹಳೆಯ ಬಿರುಕುಗಳಲ್ಲಿ ಆಗುವುದೂ ಹೀಗೆಯೇ. ಬಿರುಕಿನ ಎರಡು ಬದಿಗಳು ಒಂದನ್ನೊಂದು ಕಚ್ಚಿ ಹಿಡಿದಿರುತ್ತವೆ. ಎರಡೂ ಕಡೆಯ ಬಂಡೆ ವರ್ಷಗಟ್ಟಲೆ, ಶತಮಾನಗಟ್ಟಲೆ ಕಣ್ಣಿಗೆ ಕಾಣದಷ್ಟು ಬಾಗುತ್ತಾ ಒತ್ತಡವನ್ನು ಕೂಡಿಟ್ಟುಕೊಳ್ಳುತ್ತದೆ. ಹಿಡಿತ ಸೋತ ಗಳಿಗೆಯಲ್ಲಿ ಬಿರುಕು ಜಾರುತ್ತದೆ, ಕೂಡಿಟ್ಟ ಶಕ್ತಿ ಅಲೆಗಳಾಗಿ ಸುತ್ತ ಹರಡುತ್ತದೆ. ಅದೇ ಭೂಕಂಪ. ಇಂಥ ಬಿರುಕಿಗೆ ಸ್ತರಭಂಗ ಎನ್ನುತ್ತಾರೆ.

ಹಿಮಾಲಯದಲ್ಲಿ ತಡೆ ಸಿಕ್ಕಿರುವ ಫಲಕ ಹಿಂದಿನಿಂದ ಬರುವ ನೂಕನ್ನು ತನ್ನ ಮೈಯೊಳಗೇ ತಾಳಿಕೊಳ್ಳಬೇಕಾಗಿದೆ. ಆ ಒತ್ತಡ ಇಡೀ ಪರ್ಯಾಯ ದ್ವೀಪದಲ್ಲಿ ಹರಡಿದೆ. ನಮ್ಮ ಬಂಡೆ ಗಟ್ಟಿ ಎಂಬುದು ನಿಜ. ಆದರೆ ಹಳೆಯದು ಎಂಬ ಕಾರಣಕ್ಕೇ ಅದರಲ್ಲಿ ಗಾಯದ ಗುರುತುಗಳೂ ಹೆಚ್ಚು. ಗೊರೂರಿನ ಸುತ್ತಲಿನ ನೈಸ್ (ಬಿಸಿ, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಪಟ್ಟೆಗಲ್ಲು) ಶಿಲೆಗೆ ಸುಮಾರು 330 ಕೋಟಿ ವರ್ಷ ವಯಸ್ಸು. ದೇಶದ ಅತಿ ಹಳೆಯ ಶಿಲೆಗಳ ಸಾಲಿನಲ್ಲಿ ಅದು ಬರುತ್ತದೆ. ಇಷ್ಟು ಕಾಲದಲ್ಲಿ ಎಷ್ಟೋ ಸಲ ಮಡಿಚಿ, ಬಿರಿದು, ಮತ್ತೆ ಬೆಸೆದುಕೊಂಡ ನೆಲ ಇದು. ಬೆಸುಗೆ ದುರ್ಬಲವಾಗಿರುವಲ್ಲಿ ಆಗೊಮ್ಮೆ ಈಗೊಮ್ಮೆ ಸಣ್ಣ ಜಾರಿಕೆ ಆಗುತ್ತದೆ.

ಅಪರೂಪಕ್ಕೊಮ್ಮೆ ಅದು ಸಣ್ಣದಾಗಿ ಉಳಿಯುವುದಿಲ್ಲ. 1900ರ ಫೆಬ್ರುವರಿಯಲ್ಲಿ ಕೊಯಮತ್ತೂರಿನ ಬಳಿ 6ರ ಆಸುಪಾಸಿನ ಭೂಕಂಪವಾಗಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ, ಲಾತೂರು ಸುತ್ತ 6.2ರ ಕಂಪನಕ್ಕೆ ಹತ್ತಿರಹತ್ತಿರ 10 ಸಾವಿರ ಜನ ಸತ್ತರು. ಅದಕ್ಕೆ ಮುನ್ನ ಆ ಪ್ರದೇಶವನ್ನೂ ದೇಶದಲ್ಲೇ ಅತಿ ಕಡಿಮೆ ಅಪಾಯದ ವಲಯಕ್ಕೆ ಸೇರಿಸಲಾಗಿತ್ತು. ಗಟ್ಟಿ ಬಂಡೆಯ ಭರವಸೆಯ ಬಗ್ಗೆ ಮಾತಾಡುವಾಗ ನಾನು ಕಿಲ್ಲಾರಿಯನ್ನು ಬಿಟ್ಟು ಮಾತಾಡುವುದಿಲ್ಲ.

ಅಣೆಕಟ್ಟೆಯ ಪ್ರಶ್ನೆ

ಹೇಮಾವತಿ ಗೊರೂರಿನಲ್ಲಿ ಕಟ್ಟೆ ದಾಟಿ ಹೊಳೆನರಸೀಪುರದ ಕಡೆಗೆ ಹರಿಯುತ್ತದೆ. ಆದ್ದರಿಂದ ಈ ಅನುಮಾನ ಅಸಹಜವೇನಲ್ಲ. ಜಲಾಶಯಗಳು ಭೂಕಂಪಕ್ಕೆ ಕಾರಣವಾಗಬಲ್ಲವು ಎಂಬುದೂ ಸುಳ್ಳಲ್ಲ. ಮಹಾರಾಷ್ಟ್ರದ ಕೊಯ್ನಾ ಇದಕ್ಕೆ ಜಗತ್ತಿನಲ್ಲೇ ಹೆಸರಾದ ಉದಾಹರಣೆ. 1960ರ ದಶಕದ ಆರಂಭದಲ್ಲಿ ಜಲಾಶಯ ತುಂಬತೊಡಗಿದ ಮೇಲೆ ಅಲ್ಲಿ ಕಂಪನಗಳು ಶುರುವಾದವು. 1967ರ ಡಿಸೆಂಬರ್ 11ರಂದು 6.3ರ ಭೂಕಂಪ ಕೊಯ್ನಾನಗರವನ್ನು ಕೆಡವಿತು. ಸಣ್ಣ ಕಂಪನಗಳು ಇವತ್ತಿಗೂ ಅಲ್ಲಿ ಮುಂದುವರಿದಿವೆ.

ನೀರಿನ ಭಾರ ಇದರಲ್ಲಿ ಒಂದು ಪಾಲು ಮಾತ್ರ. ಮುಖ್ಯ ಕೆಲಸ ಮಾಡುವುದು ಬಿರುಕುಗಳೊಳಗೆ ಇಳಿಯುವ ನೀರು. ಅದು ಒಳಗಿನಿಂದ ಒತ್ತಿ, ಎರಡು ಬದಿಗಳು ಕಚ್ಚಿಕೊಂಡ ಹಿಡಿತವನ್ನು ಸಡಿಲಗೊಳಿಸುತ್ತದೆ. ಬಿರುಕು ಮೊದಲೇ ಜಾರಲು ಸಿದ್ಧವಾಗಿದ್ದರೆ ಅಷ್ಟು ಸಾಕು. ಅಂದರೆ ಜಲಾಶಯ ಭೂಕಂಪದ ಶಕ್ತಿಯನ್ನು ಸೃಷ್ಟಿಸುವುದಿಲ್ಲ, ಕೂಡಿಟ್ಟದ್ದನ್ನು ಬೇಗ ಬಿಡಿಸುತ್ತದೆ.

ಒಂದು ಕಂಪನವನ್ನು ಜಲಾಶಯದ ತಲೆಗೆ ಕಟ್ಟಲು ಕೆಲವು ಗುರುತುಗಳು ಸಿಗಬೇಕು. ಕಂಪನಗಳು ಒಂದೆರಡಲ್ಲ, ಗುಂಪಾಗಿ ಬರಬೇಕು. ಅವು ಜಲಾಶಯದ ಅಡಿ ಅಥವಾ ಹತ್ತಿರದಲ್ಲಿ ಹುಟ್ಟಬೇಕು. ನೀರಿನ ಮಟ್ಟ ಏರಿ ಇಳಿದಂತೆ ಅವುಗಳ ಸಂಖ್ಯೆಯೂ ಏರಿಳಿಯಬೇಕು. ಕೊಯ್ನಾದಲ್ಲಿ ಇವೆಲ್ಲ ಇವೆ. ಅಲ್ಲಿನ ಕಟ್ಟೆ 103 ಮೀಟರ್ ಎತ್ತರ, ಗೊರೂರಿನದು 60 ಮೀಟರ್ ದಾಟುವುದಿಲ್ಲ. ಆಳವಾದ ಜಲಾಶಯಗಳಲ್ಲೇ ಇಂಥ ಕಂಪನ ಹೆಚ್ಚಾಗಿ ಕಂಡುಬಂದಿದೆ. 1979ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯ ಮೇಲೆ ನಾಲ್ಕು ದಶಕಗಳ ನಂತರದ ಒಂದು 3.4ನ್ನು ಹೊರಿಸುವುದಕ್ಕೆ ಅಷ್ಟರಿಂದಲೇ ಆಧಾರ ಸಿಗುವುದಿಲ್ಲ.

ಸದ್ದು ಮೊದಲು, ಅಲುಗಾಟ ಆಮೇಲೆ

ಕಂಪನ ಅನುಭವಿಸಿದವರು ಸಾಮಾನ್ಯವಾಗಿ ಮೊದಲು ಹೇಳುವುದು ಸದ್ದಿನ ವಿಷಯ. ಲಾರಿಯಿಂದ ಜಲ್ಲಿ ಸುರಿದಂತೆ, ದೂರದಲ್ಲಿ ಗುಡುಗಿದಂತೆ ಎನ್ನುತ್ತಾರೆ. ಇದು ಭ್ರಮೆಯಲ್ಲ. ಭೂಕಂಪದಿಂದ ಹೊರಡುವ ಅಲೆಗಳಲ್ಲಿ ಮೊದಲು ತಲುಪುವುದು ಪ್ರಾಥಮಿಕ ಅಲೆ. ಅದು ಬಂಡೆಯನ್ನು ಹಿಂದೆ ಮುಂದೆ ಒತ್ತುತ್ತಾ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ ಬರುತ್ತದೆ, ನೆಲದಿಂದ ಗಾಳಿಗೆ ದಾಟಿದಾಗ ಕಿವಿಗೆ ಕೇಳಿಸುತ್ತದೆ. ಅದರ ಹಿಂದೆ, ಸೆಕೆಂಡಿಗೆ ಮೂರೂವರೆ ಕಿಲೋಮೀಟರ್‌ನಂತೆ, ನೆಲವನ್ನು ಅಡ್ಡಡ್ಡ ಅಲ್ಲಾಡಿಸುವ ಎರಡನೆಯ ಅಲೆ ಬರುತ್ತದೆ. ಪಾತ್ರೆ ಉರುಳುವುದು, ಗೋಡೆ ಬಿರಿಯುವುದು ಬಹುಮಟ್ಟಿಗೆ ಇದರಿಂದ. ಎರಡರ ನಡುವಿನ ಅಂತರ ಒಂದು ಸೆಕೆಂಡ್ ಇದ್ದರೆ ಭೂಕಂಪ ಹುಟ್ಟಿದ್ದು ಸುಮಾರು 8 ಕಿಲೋಮೀಟರ್ ದೂರದಲ್ಲಿ ಎಂದು ಅಂದಾಜು ಮಾಡಬಹುದು. ಮೂರು ಅಥವಾ ಹೆಚ್ಚು ಮಾಪನ ಕೇಂದ್ರಗಳಲ್ಲಿ ಈ ಅಂತರ ಸಿಕ್ಕರೆ ಜಾಗ ಗೊತ್ತಾಗುತ್ತದೆ.

ನಮ್ಮಲ್ಲಿ ಸದ್ದು ಜೋರಾಗಿ ಕೇಳಲು ಇನ್ನೊಂದು ಕಾರಣ, ಇಲ್ಲಿನ ಸಣ್ಣ ಕಂಪನಗಳು ಹೆಚ್ಚು ಆಳದಲ್ಲಿ ಹುಟ್ಟದಿರುವುದು. ಗಟ್ಟಿ ಬಂಡೆ ಅಲೆಯನ್ನು ಬೇಗ ಹೀರಿಕೊಳ್ಳುವುದೂ ಇಲ್ಲ.

ಇನ್ನು ಅಂಕಿಯ ವಿಷಯ. ರಿಕ್ಟರ್ ಮಾಪಕದಲ್ಲಿ ಒಂದು ಅಂಕಿ ಏರಿದರೆ ನೆಲದ ಅಲುಗಾಟ ಹತ್ತು ಪಟ್ಟು, ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಹಾಗಾಗಿ 3.4 ಎಂದರೆ 6.2ರ ಅರ್ಧಕ್ಕಿಂತ ತುಸು ಹೆಚ್ಚು ಎಂದುಕೊಳ್ಳಬಾರದು. ಕಿಲ್ಲಾರಿಯಲ್ಲಿ ಬಿಡುಗಡೆಯಾದ ಶಕ್ತಿ ಹೊಳೆನರಸೀಪುರದಲ್ಲಿ ಆದದ್ದಕ್ಕಿಂತ ಸುಮಾರು 16 ಸಾವಿರ ಪಟ್ಟು. ಇದನ್ನು ಲೆಕ್ಕ ಹಾಕಿ ನೋಡಿದ ಮೇಲೆ 3.4ರ ಸುದ್ದಿಗೆ ಎಷ್ಟು ಹೆದರಬೇಕು ಎಂಬುದು ಗೊತ್ತಾಗುತ್ತದೆ. ಸಣ್ಣ ಕಂಪನಗಳಾದರೆ ಒತ್ತಡ ಖಾಲಿಯಾಗಿ ದೊಡ್ಡದು ತಪ್ಪುತ್ತದೆ ಎಂಬ ಸಮಾಧಾನವೂ ಇದೇ ಲೆಕ್ಕಕ್ಕೆ ಬಿದ್ದುಹೋಗುತ್ತದೆ. ಒಂದು ದೊಡ್ಡದರ ಶಕ್ತಿ ಹೀಗೆ ಕರಗಲು ಸಾವಿರಾರು ಸಣ್ಣವು ಬೇಕು.

ಚಂದ್ರದ್ರೋಣ ಜ್ವಾಲಾಮುಖಿಯೇ?

ಅಲ್ಲ. ಆದರೆ ಈ ಕಲ್ಪನೆ ಎಲ್ಲಿಂದ ಬಂತೆಂದು ಊಹಿಸಬಹುದು. ಚಂದ್ರದ್ರೋಣ ಎಂದೂ ಕರೆಯುವ ಬಾಬಾಬುಡನ್ ಬೆಟ್ಟಸಾಲು ಅರ್ಧಚಂದ್ರಾಕಾರವಾಗಿ ಬಾಗಿದೆ, ನಡುವೆ ತಗ್ಗು. ಮೇಲಿನಿಂದ ನೋಡಿದರೆ ಬಾಯಿ ಒಡೆದ ಜ್ವಾಲಾಮುಖಿಯಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಮಡಿಚಿಕೊಂಡ ಪದರಗಳ ಅಂಚು. ಕಬ್ಬಿಣದ ಅಂಶವಿರುವ ಗಟ್ಟಿ ಪದರ ಸವೆಯದೆ ಉಳಿದು ಸಾಲು ಬೆಟ್ಟವಾಗಿದೆ, ಮೆತ್ತನೆಯದು ಸವೆದು ತಗ್ಗಾಗಿದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯೂ ಈ ಸಾಲಿನದೇ.

ಸ್ವಾರಸ್ಯವೆಂದರೆ ಲಾವಾ ಇಲ್ಲಿ ಹರಿದದ್ದು ನಿಜ. ಭೂವಿಜ್ಞಾನಿಗಳು ಈ ಬೆಟ್ಟಗಳ ಪದರಗಳಿಗೆ ನಮ್ಮ ಊರುಗಳದೇ ಹೆಸರಿಟ್ಟಿದ್ದಾರೆ: ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ. ಬುಡದಲ್ಲಿ ಕರ್ತಿಕೆರೆಯ ಹೆಸರಿನ, ಉರುಟು ಬೆಣಚುಕಲ್ಲುಗಳು ಒತ್ತಿ ಬೆಸೆದ ಪದರವಿದೆ. ಅದು ಯಾವುದೋ ಹೊಳೆ ತಂದು ಸುರಿದದ್ದು. ಮೇಲೆ ಹೋದಂತೆ ಬಸಾಲ್ಟ್, ಅಂದರೆ ಹರಿದು ತಣಿದ ಲಾವಾ. ಆ ಕಲ್ಲುಗಳಲ್ಲಿ ಕೆಲವೆಡೆ ಬಟಾಣಿಯಷ್ಟು ಬಿಳಿ ಚುಕ್ಕಿಗಳು ಕಾಣುತ್ತವೆ. ಲಾವಾ ತಣಿಯುವಾಗ ಒಳಗೆ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳ ಜಾಗದಲ್ಲಿ ಆಮೇಲೆ ಖನಿಜ ತುಂಬಿಕೊಂಡ ಗುರುತು ಅದು. ತುದಿಯಲ್ಲಿ ಕಬ್ಬಿಣದ ಪಟ್ಟೆಗಳಿರುವ ಕಲ್ಲು. ಇದೆಲ್ಲ ಆದದ್ದು 290 ಕೋಟಿಯಿಂದ 270 ಕೋಟಿ ವರ್ಷಗಳ ಹಿಂದೆ. ಇನ್ನೂ ಹಿಂದಿನ ಲಾವಾ ಬೇಕೆಂದರೆ ನುಗ್ಗೇಹಳ್ಳಿ, ಹೊಳೆನರಸೀಪುರದ ಕಡೆ ಇದೆ. ಈಗಿನ ಯಾವ ಜ್ವಾಲಾಮುಖಿಯೂ ಉಗುಳದಷ್ಟು ಬಿಸಿಯಿದ್ದ ಲಾವಾ ಅದು. ಮ್ಯಾಗ್ನೀಷಿಯಂ ತುಂಬಿದ ಅಂಥ ಶಿಲೆಗಳೇ ಕಾಲಾಂತರದಲ್ಲಿ ನೀರು ಮತ್ತು ಒತ್ತಡಕ್ಕೆ ಸಿಕ್ಕಿ ಮೆತ್ತನೆಯ ಬಳಪದ ಕಲ್ಲಾಗುತ್ತವೆ. ಹಳೇಬೀಡಿನ ಗೋಡೆಗಳ ಮೇಲೆ ಹೊಯ್ಸಳ ಶಿಲ್ಪಿಗಳು ಬೆರಳಂಚಿನಷ್ಟು ಸೂಕ್ಷ್ಮವಾಗಿ ಕೆತ್ತಲು ಸಾಧ್ಯವಾಗಿದ್ದು ಅಂಥ ಕಲ್ಲಿನಿಂದ.

ಜ್ವಾಲಾಮುಖಿ ಏಳಬೇಕಾದರೆ ಕೆಳಗೆ ಬಂಡೆ ಕರಗಬೇಕು. ಫಲಕಗಳು ಬಿರಿಯುವಲ್ಲಿ, ಒಂದರಡಿ ಇನ್ನೊಂದು ಮುಳುಗುವಲ್ಲಿ, ಅಥವಾ ಮ್ಯಾಂಟಲ್‌ನ ಆಳದಿಂದ ವಿಪರೀತ ಬಿಸಿಯ ಕಂಬ ಮೇಲೇಳುವಲ್ಲಿ ಅದು ಕರಗುತ್ತದೆ. ಹಾಸನ, ಚಿಕ್ಕಮಗಳೂರಿನ ಅಡಿಯಲ್ಲಿ ಇವು ಮೂರರಲ್ಲಿ ಒಂದೂ ಇಲ್ಲ, ದಪ್ಪನೆಯ ತಣ್ಣನೆಯ ನೆಲವಿದೆ. ಉತ್ತರ ಕರ್ನಾಟಕದವರೆಗೆ ಹರಡಿರುವ ದಖನ್ನಿನ ಕಪ್ಪು ಲಾವಾ ಪದರಗಳು 6.6 ಕೋಟಿ ವರ್ಷಗಳ ಹಿಂದಿನವು. ಅವನ್ನು ಹೊರಹಾಕಿದ ಬಿಸಿ ಕಂಬದ ಮೇಲಿನಿಂದ ಭಾರತ ಎಂದೋ ಸರಿದು ಬಂದಿದೆ. ಈಗ ಅದರ ಮೇಲಿರುವುದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪ, ಅಲ್ಲಿ ಇವತ್ತಿಗೂ ಬೆಟ್ಟ ಉರಿಯುತ್ತದೆ. ಭಾರತದ ನೆಲದಲ್ಲಿ ಈಗ ಸಕ್ರಿಯವಾಗಿರುವ ಜ್ವಾಲಾಮುಖಿ ಒಂದೇ, ಅಂಡಮಾನ್ ಸಮುದ್ರದ ಬ್ಯಾರೆನ್ ದ್ವೀಪ. ಮುಳ್ಳಯ್ಯನಗಿರಿಗೆ ಹೋಗುವವರು ಮಂಜು ಮತ್ತು ತಿರುವುಗಳಿಗೆ ಹೆದರಿದರೆ ಸಾಕು.

ಹಾಗಾದರೆ ಅಪಾಯ ಎಷ್ಟು?

2002ರಲ್ಲಿ ಪರಿಷ್ಕರಿಸಿದ ಭೂಕಂಪ ವಲಯ ನಕ್ಷೆಯಲ್ಲಿ ದೇಶವನ್ನು ಎರಡರಿಂದ ಐದರವರೆಗೆ ನಾಲ್ಕು ವಲಯಗಳಾಗಿ ವಿಂಗಡಿಸಲಾಯಿತು. ಐದು ಎಂದರೆ ಅತಿ ಹೆಚ್ಚು ಅಪಾಯ. ಹಾಸನದ ಹೆಚ್ಚಿನ ಭಾಗ ಎರಡನೆಯ ವಲಯದ್ದು, ಘಟ್ಟ ಇಳಿದು ಕರಾವಳಿಗೆ ಹೋದರೆ ಮೂರನೆಯದು. ಎರಡನೆಯ ವಲಯವೆಂದರೆ ಅಪಾಯ ಕಡಿಮೆ ಎಂದೇ ಹೊರತು ಇಲ್ಲವೆಂದಲ್ಲ. ಆ ನಕ್ಷೆಯಲ್ಲಿ ಒಂದನೆಯ ವಲಯವೇ ಇಲ್ಲದಿರುವುದನ್ನು ಗಮನಿಸಿ.

ಘಟ್ಟದ ಅಂಚಿನ ತಾಲ್ಲೂಕುಗಳಿಗೆ ಭೂಕಂಪಕ್ಕಿಂತ ಹತ್ತಿರದ ಅಪಾಯ ಬೇರೆಯೇ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದು ಮನೆ, ತೋಟ, ಗದ್ದೆಗಳು ಕೊಚ್ಚಿಹೋದದ್ದು ಮಳೆಯಿಂದ. ಬಂಡೆಯ ಮೇಲಿನ ದಪ್ಪ ಮಣ್ಣು ನೀರು ಕುಡಿದು ಭಾರವಾಗಿ, ಬಂಡೆಯ ಹಿಡಿತ ಬಿಟ್ಟು ಜಾರುತ್ತದೆ. ಕುಸಿಯುವ ಮೊದಲು ಗುಡ್ಡದೊಳಗಿನಿಂದ ಬರುವ ಸದ್ದನ್ನು ಜನ ಭೂಕಂಪವೆಂದು ತಿಳಿಯುವುದುಂಟು. ಮನೆಯ ಹಿಂದಿನ ಧರೆಯಲ್ಲಿ (ಕಡಿದಾದ ಮಣ್ಣಿನ ದಿಬ್ಬದಲ್ಲಿ) ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾಗಿ ಹರಿಯುವ ಒರತೆ ಕಂಡರೆ ಅದು ಭೂಕಂಪವೋ ಅಲ್ಲವೋ ಎಂದು ಚರ್ಚಿಸುತ್ತಾ ನಿಲ್ಲದೆ ಜಾಗ ಖಾಲಿ ಮಾಡಬೇಕು. ಜಿಲ್ಲಾ ವಿಪತ್ತು ಸಹಾಯವಾಣಿಯ ಸಂಖ್ಯೆ 1077.

ಮನೆ ಕಟ್ಟುವಾಗ

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಮಣ್ಣಿನಲ್ಲಿ ಜೋಡಿಸಿದ ದಪ್ಪ ಕಲ್ಲಿನ ಗೋಡೆ ಮತ್ತು ಅದರ ಮೇಲಿನ ಭಾರವಾದ ಮಣ್ಣಿನ ಮಾಳಿಗೆ. ನಮ್ಮ ಹಳೆಯ ಹೆಂಚಿನ ಮನೆಗಳಿಗೆ ಚಾವಣಿಯ ಭಾರ ಅಷ್ಟಿಲ್ಲ. ಅವುಗಳಲ್ಲಿ ಮೊದಲು ಬೀಳುವುದು ಎರಡೂ ಕಡೆಯ ಮುಮ್ಮೂಲೆ ಗೋಡೆ, ಆಮೇಲೆ ಸಡಿಲ ಹೆಂಚು. ಇಟ್ಟಿಗೆ ಮನೆಯಾದರೆ ಕಿಟಕಿ ಬಾಗಿಲುಗಳ ಮೇಲೆ ತುಂಡು ಲಿಂಟಲ್ ಹಾಕಿ ಬಿಡದೆ, ಎಲ್ಲ ಗೋಡೆಗಳ ಮೇಲೂ ಸುತ್ತ ಒಂದೇ ಪಟ್ಟಿಯಾಗಿ ಕಾಂಕ್ರೀಟ್ ಹರಿಸಬೇಕು. ನಾಲ್ಕು ಗೋಡೆಗಳು ಒಂದನ್ನೊಂದು ಬಿಟ್ಟು ಬೀಳದಂತೆ ಹಿಡಿಯುವುದು ಆ ಪಟ್ಟಿ.

ಪಿಲ್ಲರ್ ಮನೆಯಲ್ಲಿ ನೋಡಬೇಕಾದದ್ದು ಕಂಬಿಯ ದಪ್ಪವನ್ನಷ್ಟೇ ಅಲ್ಲ, ಕಂಬಿಗಳನ್ನು ಸುತ್ತುವ ರಿಂಗನ್ನು. ರಿಂಗಿನ ತುದಿಯನ್ನು ನೇರ ಮೂಲೆಯಾಗಿ ಬಾಗಿಸಿ ಬಿಟ್ಟರೆ, ಹೊರಗಿನ ಕಾಂಕ್ರೀಟ್ ಉದುರಿದೊಡನೆ ಅದು ಬಿಚ್ಚಿಕೊಳ್ಳುತ್ತದೆ. 135 ಡಿಗ್ರಿಗೆ ಬಾಗಿಸಿ ತುದಿಯನ್ನು ಪಿಲ್ಲರಿನ ಒಳಭಾಗಕ್ಕೆ ಚುಚ್ಚಿ ನಿಲ್ಲಿಸಿದರೆ ಬಿಚ್ಚುವುದಿಲ್ಲ. ಪಿಲ್ಲರಿನ ಬುಡ ಮತ್ತು ತಲೆಯ ಬಳಿ ರಿಂಗುಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಅಂತರವಿರಬಾರದು. ಇದಕ್ಕೆ ತಗಲುವ ಹೆಚ್ಚುವರಿ ಖರ್ಚು ಗೃಹಪ್ರವೇಶದ ಊಟದ ಖರ್ಚಿಗಿಂತ ಕಡಿಮೆ. ಕಾಂಕ್ರೀಟ್ ಬಿದ್ದ ಮೇಲೆ ಪರೀಕ್ಷಿಸಲು ಆಗುವುದಿಲ್ಲವಾದ್ದರಿಂದ ಬಾರ್ ಬೆಂಡಿಂಗ್ ನಡೆಯುವ ದಿನ ಮನೆಯವರು ಅಲ್ಲಿರಬೇಕು.

ಚಿಕ್ಕಮಗಳೂರು, ಸಕಲೇಶಪುರದ ಇಳಿಜಾರುಗಳಲ್ಲಿ ಏಳುತ್ತಿರುವ ಹೋಂ ಸ್ಟೇಗಳ ವಿಷಯ ಬೇರೆ. ಮೇಲಿನ ಬದಿಯಲ್ಲಿ ಗಿಡ್ಡ ಪಿಲ್ಲರ್, ಕೆಳಗಿನ ಬದಿಯಲ್ಲಿ ಎತ್ತರದ ಪಿಲ್ಲರ್. ನೋಡಿದವರಿಗೆ ಎತ್ತರದ್ದೇ ಬೀಳುವಂತೆ ಕಾಣುತ್ತದೆ, ಆದರೆ ನಡುಗಿದಾಗ ಮೊದಲು ಒಡೆಯುವುದು ಗಿಡ್ಡದ್ದು. ಮೇಲಿನ ಸ್ಲ್ಯಾಬ್ ಎಲ್ಲ ಪಿಲ್ಲರುಗಳ ತಲೆಯನ್ನೂ ಒಂದೇ ಅಳತೆಗೆ ತಳ್ಳುತ್ತದೆ. ಎತ್ತರದ್ದು ಬಾಗಿ ತಾಳಿಕೊಳ್ಳುತ್ತದೆ, ಗಿಡ್ಡದ್ದಕ್ಕೆ ಬಾಗಲು ಬರುವುದಿಲ್ಲ. ಎತ್ತರ ಅರ್ಧವಾದರೆ ಬಿಗುವು ಎಂಟು ಪಟ್ಟಾಗುತ್ತದೆ, ಅಷ್ಟೇ ಪಟ್ಟು ಹೊರೆಯೂ ಅದರ ಮೇಲೆ ಬೀಳುತ್ತದೆ. ಇಳಿಜಾರಿನಲ್ಲಿ ಕಟ್ಟುವವರು ಮೇಸ್ತ್ರಿಯ ಅಂದಾಜಿಗೆ ಬಿಡದೆ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಹೋಗಬೇಕಾದದ್ದು ಇದಕ್ಕೇ.

ನಡುಗಿದಾಗ, ಮತ್ತು ಆಮೇಲೆ

ಅಲುಗಾಟ ಸಾಮಾನ್ಯವಾಗಿ ಕೆಲವು ಸೆಕೆಂಡುಗಳದ್ದು. ಕಾಂಕ್ರೀಟ್ ಕಟ್ಟಡದೊಳಗಿದ್ದರೆ ಮೆಟ್ಟಿಲಿಗೆ ಓಡಬೇಡಿ. ಗಟ್ಟಿ ಮೇಜಿನಡಿ ಸೇರಿ ಅದರ ಕಾಲು ಹಿಡಿದುಕೊಳ್ಳಿ, ಮೇಜಿಲ್ಲದಿದ್ದರೆ ಒಳಗೋಡೆಯ ಪಕ್ಕ ತಲೆ ಮುಚ್ಚಿಕೊಂಡು ಕುಳಿತುಕೊಳ್ಳಿ. ಹೊರಗಿದ್ದರೆ ಕಂಪೌಂಡ್ ಗೋಡೆ, ವಿದ್ಯುತ್ ತಂತಿ, ಧರೆಯಿಂದ ದೂರ ನಿಲ್ಲಿ. ಅಲುಗಾಟ ನಿಂತ ಮೇಲೆ ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ. ಅಟ್ಟದ ಮೇಲಿನ ಹಂಡೆ, ಹಾಸಿಗೆಯ ತಲೆದೆಸೆಯ ಬೀರು, ಇವುಗಳ ಜಾಗ ಬದಲಿಸಲು ಭೂಕಂಪದವರೆಗೆ ಕಾಯಬೇಕಿಲ್ಲ.

"ಇಂದು ರಾತ್ರಿ ಇಷ್ಟು ಗಂಟೆಗೆ ಇನ್ನೊಂದು ಬರಲಿದೆ" ಎಂಬ ಸಂದೇಶ ಯಾರ ಹೆಸರಿನಲ್ಲಿ ಬಂದರೂ ಸುಳ್ಳು. ಇಂಥ ದಿನ, ಇಂಥ ಊರು ಎಂದು ಮುಂಚಿತವಾಗಿ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. 2023ರಿಂದ ಭಾರತದ ಆಂಡ್ರಾಯ್ಡ್ ಮೊಬೈಲ್‌ಗಳಿಗೆ ಬಂದಿರುವ ಭೂಕಂಪ ಎಚ್ಚರಿಕೆಯ ಕೆಲಸ ಬೇರೆ. ಭೂಕಂಪ ಆದ ಮೇಲೆ, ಮೊದಲ ಅಲೆಯನ್ನು ಗುರುತಿಸಿ, ದೊಡ್ಡ ಅಲುಗಾಟ ನಿಮ್ಮನ್ನು ತಲುಪುವ ಮುನ್ನ ಕೆಲವು ಸೆಕೆಂಡು ಕೊಡಲು ಅದು ಯತ್ನಿಸುತ್ತದೆ. 4.5ಕ್ಕಿಂತ ಕಡಿಮೆಯದಕ್ಕೆ ಅದು ಮೊಳಗುವುದಿಲ್ಲ, ಆದ್ದರಿಂದ ಹೊಳೆನರಸೀಪುರದಂಥ ಕಂಪನವಾದಾಗ ಫೋನ್ ಸುಮ್ಮನಿದ್ದರೆ ಕೆಟ್ಟಿದೆ ಎಂದಲ್ಲ.

ಆದದ್ದು ಭೂಕಂಪವೋ ಕ್ವಾರಿಯ ಸ್ಫೋಟವೋ ಎಂಬ ಗೊಂದಲ ನಮ್ಮ ಕಡೆ ಸಾಮಾನ್ಯ. ಎರಡರ ಅಲೆಗಳೂ ಮಾಪಕದಲ್ಲಿ ಬೇರೆಬೇರೆಯಾಗಿ ಕಾಣುತ್ತವೆ. ರಾಜ್ಯದ ಉಸ್ತುವಾರಿ ಕೇಂದ್ರ ಮತ್ತು ದೆಹಲಿಯ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರ ದಾಖಲೆ ನೋಡಿ ಖಚಿತಪಡಿಸುತ್ತವೆ. ದೆಹಲಿಯ ಕೇಂದ್ರದ್ದು 'ಭೂಕಂಪ್' ಎಂಬ ಆ್ಯಪ್ ಕೂಡ ಇದೆ. ಕಂಪನ ಅನುಭವಕ್ಕೆ ಬಂದರೆ ಸಮಯ, ಸದ್ದು ಮೊದಲು ಬಂತೋ ಅಲುಗಾಟವೋ, ಎಷ್ಟು ಸೆಕೆಂಡ್ ಇತ್ತು, ಯಾವ ವಸ್ತು ಬಿತ್ತು ಎಂಬುದನ್ನು ಬರೆದಿಟ್ಟುಕೊಂಡು ಗ್ರಾಮ ಪಂಚಾಯಿತಿಗೆ ಅಥವಾ ತಾಲ್ಲೂಕು ಕಚೇರಿಗೆ ತಿಳಿಸಿ. ಮಾಪನ ಕೇಂದ್ರಗಳು ದೂರದೂರ ಇರುವ ಮಲೆನಾಡಿನಲ್ಲಿ ಕಂಪನ ಎಲ್ಲೆಲ್ಲಿಯವರೆಗೆ ಅನುಭವಕ್ಕೆ ಬಂತು ಎಂಬ ನಕ್ಷೆ ಇಂಥ ವರದಿಗಳಿಂದಲೇ ತಯಾರಾಗುತ್ತದೆ.